ತೊಳೆಯದ ಚೂರಿ

ಹುಲ್ಲಪ್ಪನ ಕೈಗುಣ ಸುತ್ತಿನ ಊರಿಗೆಲ್ಲ ಗೊತ್ತಿತ್ತು. ಐಹೊಳೆಯಿಂದ ಮಲಪ್ರಭೆಯ ದಂಡೆ ಹಿಡಿದು ನಡೆದರೆ, ಬಾಯಿಗೆ ಹಾಕಿಕೊಂಡ ತಂಬಾಕಿನ ಖಾರ ಇಳಿಯುವಷ್ಟರಲ್ಲಿ ಅವನ ಹಟ್ಟಿ ಸಿಗುತ್ತಿತ್ತು. ಅಲ್ಲಿ ಯಾರ ಎತ್ತಿಗೆ ಮೈ ಬಿಸಿಯಾದರೂ, ಯಾರ ಆಕಳು ಮೇವು ಬಿಟ್ಟರೂ ಮೊದಲು ಕರೆ ಹೋಗುತ್ತಿದ್ದದ್ದು ಅವನಿಗೇ. ಅವನು ಬಂದು, ಬೀರಪ್ಪನ ಹೆಸರು ಹೇಳಿ, ಸೊಂಟದ ಚೂರಿ ಹಿರಿದು, ದನದ ಕಿವಿಯ ತುದಿಯನ್ನು ಇಷ್ಟೇ ಇಷ್ಟು ಕೊಯ್ದು ಕೆಟ್ಟ ರಕ್ತ ಬಿಡುತ್ತಿದ್ದ. ಗಾಯಕ್ಕೆ ದೇವರ ಭಂಡಾರದ ಅರಿಶಿನ ಒತ್ತುತ್ತಿದ್ದ. ಇದಕ್ಕಾಗಿ ಒಂದು ಅಡಿಕೆ ಹೋಳನ್ನೂ ಯಾರಿಂದಲೂ ಇಸಿದುಕೊಂಡವನಲ್ಲ. ಇಸಿದುಕೊಂಡರೆ ಕೈಗುಣ ಹೋಗುತ್ತದೆ ಎಂದು ಅವನಪ್ಪ ಹೇಳಿದ್ದ. ಅಪ್ಪ ಇನ್ನೊಂದು ಮಾತನ್ನೂ ಹೇಳಿದ್ದ. ದೇವರ ಹೆಸರಿನಲ್ಲಿ ಒಮ್ಮೆ ಹಿರಿದ ಚೂರಿಯನ್ನು ಸಾಲಿನ ಕಡೆಯ ದನ ಮುಗಿಯುವತನಕ ನೀರಿಗೆ ಹಿಡಿಯಬಾರದು, ಹಿಡಿದರೆ ಅದರ ಶಕ್ತಿಯೆಲ್ಲ ತೊಳೆದು ಹೋಗುತ್ತದೆ ಎಂದು. ಹಾಗಾಗಿ ಒಂದು ಕಿವಿ ಮುಗಿದ ಮೇಲೆ ಹುಲ್ಲಪ್ಪ ಚೂರಿಯನ್ನು ಧೋತರದ ಚುಂಗಿಗೆ ಒರೆಸಿ ಮುಂದಿನ ಕಿವಿಗೆ ಹೋಗುತ್ತಿದ್ದ. ಅಪ್ಪನ ಮಾತನ್ನು ಇಷ್ಟು ನಡೆಸುವ ಮಗ ಈ ಸೀಮೆಯಲ್ಲೇ ಇಲ್ಲ ಎಂದು ಊರು ಹೊಗಳುತ್ತಿತ್ತು. ಹೆಂಡತಿ ಸೋಮವ್ವ ಮಾತ್ರ ಹೊಗಳುತ್ತಿರಲಿಲ್ಲ. ಅವನ ಹಟದ ಜೊತೆ ಸಂಸಾರ ಮಾಡುತ್ತಿದ್ದವಳು ಅವಳು.

ಆಗಿನ್ನೂ ಈ ಕಡೆ ಮುಂಬಯಿ ಸರಕಾರದ ಆಳಿಕೆ. ಐವತ್ತಮೂರನೆಯ ಇಸವಿಯ ಮಳೆಗಾಲ ಜೋರಾಗಿಯೇ ಬಂತು. ಹೊಳೆಯ ದಂಡೆಯೆಲ್ಲ ಕೆಸರಾಗಿ, ದನ ಕಚ್ಚುವ ದೊಡ್ಡ ನೊಣ ಎಂದೂ ಕಾಣದಷ್ಟು ಎದ್ದವು. ಮೊದಲು ಹೋದದ್ದು ಊರ ಹಿರಿಯ ಮಾಳಪ್ಪನ ಎತ್ತು. ಬೆಳಿಗ್ಗೆ ಮೇವು ತಿಂದ ಎತ್ತು ಹೊತ್ತು ಏರುವಷ್ಟರಲ್ಲಿ ಗಾಣಕ್ಕೆ ಹೂಡಿದ ಹಾಗೆ ಗೂಟದ ಸುತ್ತ ತಿರುಗತೊಡಗಿತು. ಆಮೇಲೆ ಗೋಡೆಗೆ ಹಣೆಯೊತ್ತಿ ನಿಂತು ಗಡಗಡ ನಡುಗಿತು. ಹುಲ್ಲಪ್ಪ ಬಂದು ಕಿವಿ ಕೊಯ್ದ. ಅದರ ಜೋಡಿಯ ಎತ್ತಿಗೂ ಇರಲಿ ಎಂದು ಕೊಯ್ದ, ಪಕ್ಕದ ಕೊಟ್ಟಿಗೆಯವರು ಕರೆದರೆಂದು ಅಲ್ಲಿಯ ದನಗಳಿಗೂ ಕೊಯ್ದ. ನೆಲಕ್ಕೆ ಬಿದ್ದ ರಕ್ತವನ್ನು ಊರ ನಾಯಿಗಳು ನೆಕ್ಕಿದವು. ಸಂಜೆಗೆ ಎತ್ತು ಕಾಲು ಚಾಚಿತು. ಹೆಂಡತಿ ತೀರಿಕೊಂಡಾಗ ಕಣ್ಣಲ್ಲಿ ನೀರು ತರದ ಮಾಳಪ್ಪ ಎತ್ತಿನ ಕೊರಳು ತಬ್ಬಿ ಅತ್ತ ಎಂದು ಜನ ಆಮೇಲೆ ಆಡಿಕೊಂಡರು. ಆಡಿಕೊಂಡವರ ಕೊಟ್ಟಿಗೆಗೂ ಬೇನೆ ಬಂದ ಮೇಲೆ ಬಾಯಿ ಮುಚ್ಚಿದರು.

ಒಂದೆರಡು ವಾರದಲ್ಲಿ ಮನೆಮನೆಯಲ್ಲೂ ದನ ಬೀಳತೊಡಗಿದವು. ಕೆಲವು ಒಂದೇ ದಿನದಲ್ಲಿ ಹೋದವು. ಕೆಲವು ಕಣ್ಣಲ್ಲಿ ನೀರು ಸುರಿಸುತ್ತ, ತಿಂದದ್ದು ಮೈಗೆ ಹತ್ತದೆ ಬಡಕಲಾದವು. ಅದೇ ಹೊತ್ತಿಗೆ ನಾಯಿಗಳ ಮೋರೆ ಬಾತು, ಕಣ್ಣಿನ ಮೇಲೆ ಹಾಲಿನಂಥ ಪೊರೆ ಬಂದು, ಅವು ತೂರಾಡುತ್ತ ಗೋಡೆ ಹಾಯತೊಡಗಿದವು.

"ನಾಯಿಗೆ ಹುಚ್ಚ ಹಿಡದೈತಿ. ಅವು ಕಡದ ದನಕ್ಕೂ ಹತ್ತೇತಿ," ಎಂದ ಮಾಳಪ್ಪ.

ಅಷ್ಟು ಸಾಕಾಯಿತು. ಗಂಡಸರು ಬಡಿಗೆ ಹಿಡಿದು ಹೊರಟರು. ಸೋಮವ್ವನ ಮನೆಯ ನಾಯಿ ಕುರುಡಾಗಿ ಕಟ್ಟಿಗೆಯ ಒಟ್ಟಿಲ ಹಿಂದೆ ಮಲಗಿತ್ತು. ಅವಳು ಅಡ್ಡ ನಿಂತಳು. ದಿನಾ ಅವಳನ್ನು ಚಿಗವ್ವಾ ಎಂದು ಕರೆಯುತ್ತಿದ್ದ ಹುಡುಗರೇ ಅವಳ ರಟ್ಟೆ ಹಿಡಿದು ಆಚೆ ಸರಿಸಿ ಹೊಡೆದರು. ಸತ್ತ ಮೇಲೂ ಹೊಡೆದರು. ದನ ಕಳೆದುಕೊಂಡ ಸಿಟ್ಟಿಗೆ ಹೊಡೆಯಲು ಏನಾದರೊಂದು ಬೇಕಾಗಿತ್ತು. ಅವರ ಮುಖಗಳನ್ನು ಅವಳು ಅವತ್ತು ಸರಿಯಾಗಿ ನೋಡಿದಳು, ನೋಡಿ ಹೆದರಿದಳು.

ನಾಯಿಗಳು ಮುಗಿದರೂ ಬೇನೆ ಮುಗಿಯಲಿಲ್ಲ. ಮಾಳಪ್ಪ ಊರ ದನವನ್ನೆಲ್ಲ ಹೊಳೆಯ ದಂಡೆಗೆ ಹೊಡೆಸಿ ಸಾಲಾಗಿ ನಿಲ್ಲಿಸಿದ. ಹುಲ್ಲಪ್ಪ ಬೆಳಿಗ್ಗೆ ಹಿಡಿದ ಚೂರಿಯನ್ನು ಸಂಜೆಗೆ ತೊಳೆದ. ತನ್ನ ಮನೆಯ ಆಕಳನ್ನೂ ಸಾಲಿಗೆ ತಂದಿದ್ದ. ಮುದುಕಿ ರಂಗವ್ವನದೊಂದೇ ಆಕಳು ಸಾಲಿಗೆ ಬರಲಿಲ್ಲ. ಅದು ತುಂಬಿದ ಗಬ್ಬ, ಬೆದರಿಸಬಾರದು ಎಂದು ಅವಳು ಮನೆಯಲ್ಲೇ ಕಟ್ಟಿದ್ದಳು. ಗಂಡನೂ ಮಕ್ಕಳೂ ಇಲ್ಲದ ಆಕೆಗೆ ಆ ಆಕಳೇ ಸಂಸಾರ, ಅದರ ಹಾಲು ಮಜ್ಜಿಗೆಯಲ್ಲೇ ಅವಳ ಹೊಟ್ಟೆ ನಡೆಯುತ್ತಿತ್ತು.

ಸಾಲು ಕೊಯ್ಸಿ ವಾರ ಕಳೆದ ಮೇಲೆ ಬೇನೆ ಉರಿಯೆದ್ದ ಹಾಗೆ ಎದ್ದಿತು. ಹುಲ್ಲಪ್ಪನ ಆಕಳಿಗೂ ಮೈ ಬಿಸಿಯಾಯಿತು. ಆಗ ಬಂದರು ದನದ ಡಾಕ್ಟರು, ವಾಸುದೇವರಾಯರು. ಬಾಗಲಕೋಟೆಯ ಕಡೆಯ ಬ್ರಾಹ್ಮಣರು, ಕೆಲಸಕ್ಕೆ ಹೊಸಬರು. ಕೆಸರಿನಲ್ಲಿ ಚಪ್ಪಲಿ ಹರಿದುಕೊಂಡು, ತಲೆಯ ಮೇಲೆ ಕಟ್ಟಿಗೆಯ ಪೆಟ್ಟಿಗೆ ಹೊತ್ತ ಆಳಿನ ಹಿಂದೆ ನಡೆದೇ ಬಂದಿದ್ದರು. ಸೋಮವ್ವನ ಅಂಗಳ ಅಗಲವಾಗಿತ್ತೆಂದು ಅಲ್ಲೇ ಪೆಟ್ಟಿಗೆ ಇಳಿಸಿದರು. ದನಗಳ ರಕ್ತವನ್ನು ಒಂದೊಂದು ಹನಿ ಗಾಜಿನ ಮೇಲೆ ಹಿಡಿದು, ಹಿತ್ತಾಳೆಯ ಕೊಳವೆಯೊಳಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಇದು ಹುಚ್ಚಲ್ಲ," ಎಂದರು. "ರಕ್ತದೊಳಗ ಹುಳ ಆಗ್ಯಾವ. ನಾಯಿಗೆ ಆಗಿದ್ದೂ ಇದ ಬ್ಯಾನಿ. ಬೇಕಾದ್ರ ನೋಡ್ರಿ."

ಗಂಡಸರು ಹಿಂದೆಗೆದರು. ಸೋಮವ್ವ ಸೆರಗು ಸರಿಮಾಡಿಕೊಂಡು ಬಗ್ಗಿದಳು. ತಿಳಿನೀರಿನ ತಳದಲ್ಲಿ ಕಾಳು ಹರವಿದ ಹಾಗೆ ಕಂಡಿತು. ಆ ಕಾಳುಗಳನ್ನು ತಳ್ಳುತ್ತ, ಬಾಲ ಬಡಿಯುತ್ತ ಏನೋ ಒಂದು ಓಡಿತು, ಅದರ ಹಿಂದೆ ಇನ್ನೊಂದು.

ಡಾಕ್ಟರು ತಂದಿದ್ದ ಔಷಧ ಸ್ವಲ್ಪವೇ ಇತ್ತು. ಹೆಚ್ಚು ಬೇನೆಯಿದ್ದ ದನಗಳಿಗೆ ಅದನ್ನು ಚುಚ್ಚತೊಡಗಿದರು. ಸೋಮವ್ವನ ಆಕಳಿಗೂ ಆಯಿತು. ಮೂರು ಕಲ್ಲಿನ ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅವಳು ಉರಿ ಹಾಕುತ್ತ ಕೂತಿದ್ದಳು. ಡಾಕ್ಟರು ಒಂದು ದನಕ್ಕೆ ಚುಚ್ಚಿದ ಸೂಜಿಯನ್ನು ಕುದಿಯುವ ನೀರಿಗೆ ಹಾಕಿ, ಅದು ಕುದಿಯುವತನಕ ಸುಮ್ಮನೆ ನಿಂತು, ಮತ್ತೆ ತೆಗೆದು ಇನ್ನೊಂದಕ್ಕೆ ಚುಚ್ಚುತ್ತಿದ್ದರು. ಇದೇನು ಬ್ರಾಹ್ಮಣರ ಮಡಿಯೋ ಎಂದು ಅವಳಿಗೆ ಒಳಗೇ ನಗು ಬಂತು.

"ಯಾಕ್ರಿ ರಾಯರ, ಒಂದೊಂದು ದನಕ್ಕೂ ಕುದಸ್ತೀರಿ? ಒರಸಿದ್ರ ಆಗೂದಿಲ್ಲೇನ್ರಿ?"

"ಒರಸಿದ್ರ ನಮ್ಮ ಕಣ್ಣಿಗೆ ರಕ್ತ ಹೋಗ್ತದ, ಹುಳ ಹೋಗೂದಿಲ್ಲ ತಂಗಿ. ಒಂದು ದನದ ರಕ್ತ ಸಾಸಿವಿಕಾಳಿನಷ್ಟು ಇನ್ನೊಂದರ ರಕ್ತಕ್ಕ ತಾಗಿದ್ರೂ ಬ್ಯಾನಿ ದಾಟ್ತದ. ಆ ದೊಡ್ಡ ನೊಣ ಮಾಡೂದೂ ಅದನ್ನ. ಇಲ್ಲಿ ಕಚ್ಚಿ, ರಕ್ತದ ಬಾಯಿಲೆ ಹೋಗಿ ಅಲ್ಲಿ ಕಚ್ಚತದ."

ಸೋಮವ್ವನ ಕೈಯಲ್ಲಿದ್ದ ಕಟ್ಟಿಗೆ ಕೈಯಲ್ಲೇ ಉಳಿಯಿತು. ಅಂಗಳದಲ್ಲಿ ನಿಂತ ದನಗಳನ್ನು ಒಂದು ಕಡೆಯಿಂದ ನೋಡಿದಳು. ಎಲ್ಲದರ ಕಿವಿಯ ತುದಿಯೂ ಹರಿದಿತ್ತು, ಎಲ್ಲದರ ಮೇಲೂ ಭಂಡಾರದ ಹಳದಿ ಒಣಗಿತ್ತು. ರಂಗವ್ವನ ಆಕಳು ನೆನಪಾಯಿತು. ಊರಿಗೆ ಊರೇ ಬೇನೆ ಬಿದ್ದಾಗ ಅದೊಂದು ಗಟ್ಟಿಯಾಗಿ ಇದ್ದು ನಿನ್ನೆ ಕರು ಹಾಕಿತ್ತು.

ಡಾಕ್ಟರೂ ದನದ ಕಿವಿಯನ್ನೇ ನೋಡುತ್ತಿದ್ದರು. ಕೈ ತೊಳೆಯಲು ಮೇವಿನ ಬಣವೆಯ ಮರೆಗೆ ಹೋದಾಗ ಅವಳು ತಂಬಿಗೆ ಹಿಡಿದು ಹಿಂದೆ ಹೋದಳು.

"ಈ ಕಿವಿ ಕೊಯ್ದವರು ಯಾರು?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ನಮ್ಮವರು ರೀ."

"ಒಂದ ಚೂರಿ?"

ಅವಳು ತಲೆಯಾಡಿಸಿದಳು. ಡಾಕ್ಟರು ಕಣ್ಣು ಮುಚ್ಚಿ ತೆಗೆದರು. "ಹಂಗಾದ್ರ ನೊಣಕಿಂತ ಹೆಚ್ಚಿಗಿ ಹರಡಿಸಿದ್ದು ಆ ಚೂರಿನ. ಇದನ್ನ ಊರ ಕಟ್ಟಿ ಮುಂದ ಹೇಳಲಿಕ್ಕೇ ಬೇಕು."

ಸೋಮವ್ವ ತಂಬಿಗೆ ಕೆಳಗಿಟ್ಟು ಅವರ ಕಾಲು ಹಿಡಿದಳು. "ಹೇಳಬ್ಯಾಡ್ರಿ ರಾಯರ. ಕುರುಡ ನಾಯಿನ್ನ ಹೆಂಗ ಹೊಡದ್ರು ಅಂತ ನಾ ನೋಡೇನಿ. ಇಷ್ಟು ದನ ಕೊಂದಂವ ಇವನ ಅಂತ ಗೊತ್ತಾದ್ರ ನನ್ನ ಗಂಡನ್ನ ಉಳಸೂದಿಲ್ಲ. ಅವರಿಗೂ ಹೇಳಬ್ಯಾಡ್ರಿ. ಗೊತ್ತಾದ್ರ ತಾವ ಹೋಗಿ ಊರ ಮುಂದ ನಿಂತು ಒಪ್ಪಕೊಂಡುಬಿಡ್ತಾರ, ಅಂಥಾ ಮನಿಷಾ ಅವರು. ಇನ್ನ ಮ್ಯಾಲ ಒಂದು ಕಿವಿನೂ ಕೊಯ್ಯಗೊಡೂದಿಲ್ಲ. ಅದು ನನ್ನ ಜಿಮ್ಮಾ."

ಡಾಕ್ಟರು ಕಾಲು ಬಿಡಿಸಿಕೊಂಡು ಅಂಗಳದ ಕಡೆ ನೋಡಿದರು. ಅವರೂ ಪರಊರಿನವರು, ಅಂಗಳದಲ್ಲಿ ಬಡಿಗೆ ಊರಿ ನಿಂತವರನ್ನು ಅವರೂ ಕಂಡಿದ್ದರು. "ನಾ ಸುಳ್ಳ ಹೇಳೂದಿಲ್ಲ," ಎಂದರು ಕಡೆಗೆ. "ಅರ್ಧಾ ಹೇಳಿ ಅರ್ಧಾ ಬಿಡ್ತೇನಿ. ಆದ್ರ ಇನ್ನೊಂದು ದನಕ್ಕ ಚೂರಿ ತಾಗಿದ್ರ ಅದು ನಿನ್ನ ಮ್ಯಾಲ ಬರ್ತದ, ನೆನಪಿರಲಿ."

ಕಟ್ಟೆಯ ಮುಂದೆ ಅವರು ನೊಣದ ಮಾತಷ್ಟೇ ಆಡಿದರು. ಹೊಗೆ ಹಾಕಿರಿ, ದನವನ್ನು ಹೊಳೆಯ ಕಡೆ ಬಿಡಬೇಡಿರಿ, ಸತ್ತದ್ದನ್ನು ಆಳವಾಗಿ ಹುಗಿಯಿರಿ, ನಾಲ್ಕು ದಿನದಲ್ಲಿ ಔಷಧ ತರುತ್ತೇನೆ ಎಂದು ಹೇಳಿ ಹೋದರು. ಅವರು ಹೊಳೆ ದಾಟಿದ ಮಾರನೆಯ ದಿನವೇ ಮೇಲಿನ ಸೀಮೆಯಲ್ಲಿ ಮಳೆ ಹೊಡೆದು ಮಲಪ್ರಭೆ ತುಂಬಿತು. ನಾಲ್ಕು ದಿನ ಕಳೆದವು, ವಾರ ಕಳೆಯಿತು, ಹೊಳೆ ಇಳಿಯಲಿಲ್ಲ.

ಸೋಮವ್ವ ಅವತ್ತೇ ಚೂರಿಯನ್ನು ನೆಲದೊಳಗಿನ ಹಗೇವಿನ ಜೋಳದಲ್ಲಿ ತುರುಕಿದ್ದಳು. ಹುಲ್ಲಪ್ಪ ಮನೆಯೆಲ್ಲ ಹುಡುಕಿದ. ಅವನ ಮುಂದೆ ಕೂತು, ಕಣ್ಣು ನೆಲಕ್ಕೆ ಹಾಕಿ, ಅವಳು ಹೇಳಿದಳು:

"ಹುಡುಕಬ್ಯಾಡ್ರಿ. ಬೀರಪ್ಪ ಕನಸಿನ್ಯಾಗ ಬಂದಿದ್ದ. ನನ್ನ ಹೆಸರಲೆ ರಕ್ತ ಹರದದ್ದು ಸಾಕು, ಔಷಧ ಬರೂಮಟ ಕಿವಿಗೆ ಕಬ್ಬಿಣ ಮುಟ್ಟಸಬ್ಯಾಡ ಅಂದ. ಚೂರಿ ಅಂವನ ತೊಗೊಂಡು ಹೋಗ್ಯಾನ."

ಹುಲ್ಲಪ್ಪ ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡ. ಅವನು ಇಷ್ಟು ಬೇಗ ನಂಬಿದ್ದೇ ಅವಳ ಎದೆಗೆ ಚುಚ್ಚಿತು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ ನಾಲಿಗೆ ಅಂದು ಇಡೀ ದಿನ ಅನ್ನದ ರುಚಿ ತಿಳಿಯಲಿಲ್ಲ. ಆದರೂ ಗಂಡನ ಜೀವ ಉಳಿಯಿತು, ಊರ ದನವೂ ಉಳಿದಾವು ಎಂದು ತನ್ನನ್ನು ತಾನೇ ಸಂತೈಸಿಕೊಂಡಳು.

ಒಂದು ಬೆಳಿಗ್ಗೆ ರಂಗವ್ವ ಬಾಗಿಲಿಗೆ ಬಂದಳು.

"ಸೋಮವ್ವ, ನಿನ್ನ ಗಂಡ ಅದಾನೇನ? ನನ್ನ ಆಕಳ ಕಿವಿ ಒಂದು ಕೊಯ್ಸಬೇಕಾಗಿತ್ತು. ಗಬ್ಬ ಐತಂತ ಅವತ್ತ ಬಿಟ್ಟಿದ್ದೆ. ಎಲ್ಲಾರೂ ಕೊಯ್ಸ್ಯಾರ, ನಾನೊಬ್ಬಾಕಿ ಕೊಯ್ಸಿಲ್ಲ. ಕಣ್ಣಿಗೆ ನಿದ್ದಿ ಇಲ್ಲದಂಗ ಆಗೇತಿ."

"ನಿನ್ನ ಆಕಳ ಗಟ್ಟಿ ಐತಲ್ಲ ಯಕ್ಕಾ. ಸುಮ್ಮನ ಇರು."

"ಇವತ್ತ ಗಟ್ಟಿ ಐತಿ. ನಾಳೆ?"

ಮಾತು ಸೋಮವ್ವನ ಹಲ್ಲಿನತನಕ ಬಂದಿತ್ತು. ಆದರೆ ರಂಗವ್ವನ ಬಾಯಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಮಾಳಪ್ಪನ ಕಟ್ಟೆಗೆ ಮುಟ್ಟುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. "ದೇವರು ಬ್ಯಾಡ ಅಂದಾನ," ಎಂದಳು.

"ನಿನಗ ಹೇಳ್ಯಾನ, ನನಗ ಹೇಳಿಲ್ಲ ನೋಡು," ಎಂದು ರಂಗವ್ವ ಗೊಣಗುತ್ತ ಹೋದಳು.

ಅದಾಗಿ ಎಂಟು ಹತ್ತು ದಿನಕ್ಕೆ ರಂಗವ್ವನ ಆಕಳು ಗೂಟದ ಸುತ್ತ ತಿರುಗತೊಡಗಿತು. ಸುದ್ದಿ ಕೇಳಿ ಓಡಿದ ಸೋಮವ್ವ ಮೊದಲು ನೋಡಿದ್ದು ಅದರ ಕಿವಿಯನ್ನು. ತುದಿ ಹರಿದಿತ್ತು. ಅವಳು ಮನೆಗೆ ಬಂದು ಗಂಡನ ಮುಂದೆ ನಿಂತಳು.

"ಕೊಯ್ದ್ರೇನು?"

ಹುಲ್ಲಪ್ಪ ತಪ್ಪು ಮಾಡಿದ ಹುಡುಗನ ಹಾಗೆ ನೆಲ ನೋಡಿದ. "ಎಂಟು ದಿನದ ಹಿಂದ ಮಾಳಪ್ಪನ ಇನ್ನೊಂದು ಎತ್ತು ನಡಗಾಕ ಹತ್ತಿತ್ತು. ಅಂವ ಕೈ ಮುಗದು ಕರದ. ಅವರ ಮನಿ ಕುಡಗೋಲಲೆ ಕೊಯ್ದೆ. ಅದನ್ನ ಹಿಡಕೊಂಡು ಹೊಳ್ಳಿ ಬರಾಗ ಈ ಮುದುಕಿ ದಾರ್ಯಾಗ ಕಾಲಿಗೆ ಬಿದ್ಲು. ಹೆಂಗ ಇಲ್ಲ ಅನ್ನಲಿ? ನಿನಗ ಹೇಳಿದ್ರ ಕನಸ ನೆನಸಿ ಹೆದರ್ತಿ ಅಂತ ಹೇಳಲಿಲ್ಲ. ದೇವರ ಮುಂದ ಮೂಗು ತಿಕ್ಕಿ ಬಂದೇನಿ."

ಅವಳು ಅವನಿಂದ ಮುಚ್ಚಿಟ್ಟಳು, ಅವನು ಅವಳಿಂದ ಮುಚ್ಚಿಟ್ಟ. ಇಬ್ಬರದೂ ಒಬ್ಬರ ಮೇಲೊಬ್ಬರಿಗೆ ಇದ್ದ ಕಕ್ಕುಲಾತಿಯೇ. ಆ ಕಕ್ಕುಲಾತಿಗೆ ರಂಗವ್ವನ ಆಕಳು ಮಾರನೆಯ ದಿನ ಸತ್ತಿತು. ಆಗಲೂ ಸೋಮವ್ವ ಬಾಯಿ ಬಿಡಲಿಲ್ಲ, ಹೊಳೆ ಇಳಿಯುತ್ತಿದೆ, ನಾಳೆಯೋ ನಾಡಿದ್ದೋ ಡಾಕ್ಟರು ಬಂದುಬಿಡುತ್ತಾರೆ ಎಂದು ದಾರಿ ಕಾಯುತ್ತ ಕೂತಳು. ಅವಳನ್ನು ಏನೆನ್ನಬೇಕೋ ಈ ಕತೆ ಹೇಳುವ ನನಗೂ ತಿಳಿಯದು. ನೊಂದವರ ಮೇಲೆ ಸಿಟ್ಟು ಮಾಡುವುದು ಸುಲಭದ ಕೆಲಸವಲ್ಲ.

ಮಾಳಪ್ಪ ಡಾಕ್ಟರ ದಾರಿ ಕಾಯಲಿಲ್ಲ. ಕಿವಿ ಕೊಯ್ಯುವುದನ್ನು ನಿಲ್ಲಿಸಿದ್ದಕ್ಕೇ ಇಷ್ಟೆಲ್ಲ ಆಯಿತು, ಸೋಮವಾರ ಮತ್ತೆ ಊರ ದನವೆಲ್ಲ ಸಾಲಿಗೆ ಬರಲಿ, ಬೇನೆ ಇದ್ದದ್ದೂ ಬರಲಿ ಇಲ್ಲದ್ದೂ ಬರಲಿ ಎಂದು ಡಂಗುರ ಸಾರಿಸಿದ. ಸೋಮವಾರ ಬಿಸಿಲು ಏರುವ ಮೊದಲೇ ಹುಲ್ಲಪ್ಪನ ಅಂಗಳದಿಂದ ಹೊಳೆಯ ದಾರಿಯತನಕ ದನ ನಿಂತವು. ಸಾಯದೆ ಉಳಿದವು, ಚುಚ್ಚಿಸಿಕೊಂಡು ಸುಧಾರಿಸಿದವು, ಹೊಸದಾಗಿ ಈದವು, ಎಳೆಗರುಗಳು, ಎಲ್ಲ. ಬೇನೆ ಹತ್ತಿ ಜೊಲ್ಲು ಸುರಿಸುತ್ತಿದ್ದ ಒಂದು ಎತ್ತನ್ನು ಸಾಲಿನ ಮುಂಭಾಗದಲ್ಲೇ ತಂದು ನಿಲ್ಲಿಸಿದ್ದರು. ಗಂಡಸರ ಕೈಯಲ್ಲಿ ಬಡಿಗೆಗಳಿದ್ದವು. ಹುಲ್ಲಪ್ಪ ಮಿಂದು, ಹಣೆಗೆ ಭಂಡಾರ ಹಚ್ಚಿ, ಮಾಳಪ್ಪನ ಕುಡಗೋಲು ಹಿಡಿದು ಬಂದ. ಹೆಂಡತಿಯ ಕಡೆ ನೋಡಲಿಲ್ಲ.

ಅವನು ಜೊಲ್ಲು ಸುರಿಸುವ ಎತ್ತಿನ ಕಿವಿ ಹಿಡಿದು ಕೊಯ್ದ. ರಕ್ತ ಕೆಳಗಿಳಿಯಿತು. ಕುಡಗೋಲನ್ನು ಚುಂಗಿಗೆ ಒರೆಸಿಕೊಂಡ. ಆಗ ರಂಗವ್ವ ತಾಯಿಯಿಲ್ಲದ ಕರುವಿನ ಕೊರಳನ್ನು ಎದೆಗೆ ಅವಚಿಕೊಂಡು ಸಾಲು ಮುರಿದು ಮುಂದೆ ಬಂದಳು.

"ನನಗ ಉಳದಿದ್ದು ಇದೊಂದ. ಮೊದಲ ಇದಕ್ಕ ಮಾಡಪ್ಪ," ಎಂದಳು.

ಹುಲ್ಲಪ್ಪ ಬಗ್ಗಿದ. ಸೋಮವ್ವನ ಕಾಲು ತಾವಾಗಿಯೇ ನಡೆದವು. ಕರುವಿನ ಎರಡೂ ಕಿವಿಗಳನ್ನು ತನ್ನ ಅಂಗೈಯೊಳಗೆ ಮುಚ್ಚಿ ಹಿಡಿದಳು.

"ಬ್ಯಾಡ್ರಿ. ಕೊಲ್ಲಾಕ ಹತ್ತಿದ್ದು ಈ ಕುಡಗೋಲ."

ಯಾರಿಗೂ ತಿಳಿಯಲಿಲ್ಲ. ಅವಳು ತಿಳಿಯುವ ಹಾಗೆ ಹೇಳಿದಳು. ಕೊಳವೆಯಲ್ಲಿ ಕಂಡ ಹುಳದಿಂದ ಸುರುಮಾಡಿ, ಕುದಿಸಿದ ಸೂಜಿ, ಒರೆಸಿದ ಚೂರಿ, ಒಂದು ದನದ ರಕ್ತ ಇನ್ನೊಂದಕ್ಕೆ ಹೋದದ್ದು, ಆ ರಕ್ತ ನೆಕ್ಕಿ ನಾಯಿಗಳು ಕುರುಡಾದದ್ದು, ಎಲ್ಲವನ್ನೂ ಬಿಡದೆ ಹೇಳಿದಳು. ಕನಸು ಬಿದ್ದಿರಲಿಲ್ಲ, ತಾನೇ ಕಟ್ಟಿ ಹೇಳಿದ್ದು ಎಂಬುದನ್ನೂ ಹೇಳಿದಳು.

ಹುಲ್ಲಪ್ಪನ ಕೈಯಿಂದ ಕುಡಗೋಲು ಜಾರಿ ಬಿತ್ತು. ಅವನು ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಆಮೇಲೆ ಮಾಳಪ್ಪನ ಮುಂದೆ ಹೋಗಿ ಮೊಣಕಾಲೂರಿ ಕೂತ.

"ನಿನ್ನ ಇನ್ನೊಂದು ಎತ್ತು ಸತ್ತಿದ್ದು ನನ್ನ ಕೈಲೇನೋ ಮಾವಾ. ಏನ ಮಾಡ್ತಿ ಮಾಡು."

ಮಾಳಪ್ಪ ಬಡಿಗೆ ಎತ್ತಿದ. ಸೋಮವ್ವ ಕಣ್ಣು ಮುಚ್ಚಿದಳು. ಇಷ್ಟು ದಿನ ಯಾವುದಕ್ಕೆ ಹೆದರಿ ಬಾಯಿ ಕಟ್ಟಿಕೊಂಡಿದ್ದಳೋ ಅದು ಬಂದೇಬಿಟ್ಟಿತು ಅಂದುಕೊಂಡಳು. ಆದರೆ ಏಟಿನ ಸಪ್ಪಳ ಕೇಳಲಿಲ್ಲ. ಕಣ್ಣು ತೆರೆದಾಗ ಮಾಳಪ್ಪನ ಬಡಿಗೆ ನೆಲದ ಮೇಲಿತ್ತು.

"ಕರದಾಂವ ನಾ," ಎಂದ ಮಾಳಪ್ಪ. "ಸಾಲ ಕಟ್ಟಿದಾಂವ ನಾ. ನಿನಗ ಏನ ಗೊತ್ತಿತ್ತೋ ಹುಲ್ಯಾ? ಏಳು."

ಸೋಮವ್ವನ ಎದೆ ಹಗುರಾಗುವುದರಲ್ಲಿತ್ತು. ಕರುವನ್ನು ಹಿಡಿದುಕೊಂಡೇ ಇದ್ದ ರಂಗವ್ವ ಅವಳ ಮುಖ ನೋಡುತ್ತಿದ್ದಳು.

"ಇದು ನಿನಗ ಯಾವತ್ತ ಗೊತ್ತಾತು ಸೋಮವ್ವ?"

"ಡಾಕ್ಟರು ಬಂದ ದಿವಸ."

"ನಾ ನಿನ್ನ ಬಾಗಲಿಗೆ ಬಂದು ಕೇಳಿದಾಗ ಗೊತ್ತಿತ್ತು?"

ಮುಚ್ಚಿಡಲು ಇನ್ನು ಏನೂ ಉಳಿದಿರಲಿಲ್ಲ. ಸೋಮವ್ವ ಹೂಂ ಅಂದಳು.

ರಂಗವ್ವ ಸೋಮವ್ವನ ಕೈಗಳನ್ನು ಕರುವಿನ ಕಿವಿಯಿಂದ ಒಂದೊಂದಾಗಿ ಬಿಡಿಸಿ, ಕರುವನ್ನು ಹೊಡೆದುಕೊಂಡು ಹೋದಳು. ಉಳಿದವರೂ ತಮ್ಮ ತಮ್ಮ ದನ ಬಿಚ್ಚಿಕೊಂಡು ಮನೆಯ ದಾರಿ ಹಿಡಿದರು.

ಎರಡು ದಿನಕ್ಕೆ ಹೊಳೆ ಇಳಿದು ಡಾಕ್ಟರು ಬಂದರು. ಉಳಿದ ದನಕ್ಕೆಲ್ಲ ಔಷಧ ಚುಚ್ಚಿದರು. ನೀರು ಕುದಿಸುವ ಕೆಲಸ ಹುಲ್ಲಪ್ಪನೇ ಮಾಡಿದ, ಸೂಜಿ ನೀರಿಗೆ ಬಿದ್ದರೆ ಡಾಕ್ಟರು ಸಾಕು ಅಂದರೂ ಇನ್ನಷ್ಟು ಕುದಿಯಲಿ ತಡೀರಿ ಅನ್ನುತ್ತಿದ್ದ. ಆಮೇಲೆ ಒಂದೋ ಎರಡೋ ಸತ್ತದ್ದು ಬಿಟ್ಟರೆ ಬೇನೆ ನಿಂತಿತು. ಹುಲ್ಲಪ್ಪನನ್ನು ಜನ ಮೊದಲಿನಂತೆಯೇ ಕಟ್ಟೆಗೆ ಕರೆದು ಕೂರಿಸಿಕೊಂಡರು. ಮನೆಯಲ್ಲಿ ಅವನು ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದ. "ನನಗರ ಹೇಳಬೇಕಾಗಿತ್ತು" ಎಂದು ಒಮ್ಮೆ ಅಂದ, ಅಷ್ಟೇ. ನೀರಿಗೆ ಹೋದರೆ ಹೆಂಗಸರು ಸೋಮವ್ವನಿಗೆ ಜಾಗ ಬಿಟ್ಟು ದೂರ ಸರಿದು ನಿಲ್ಲುತ್ತಿದ್ದರು.

ರಂಗವ್ವನ ಕರು ಹಗಲೆಲ್ಲ ಕೂಗುತ್ತಿತ್ತು. ಅದರ ದನಿ ಸೋಮವ್ವನ ಅಡಿಗೆಮನೆಯತನಕ ಕೇಳುತ್ತಿತ್ತು. ಕೇಳಲಾರದೆ ಒಂದು ಸಂಜೆ ಅವಳು ಔಷಧ ಬಿದ್ದು ಚೇತರಿಸಿಕೊಂಡು ಮತ್ತೆ ಹಾಲಿಗೆ ಬಂದಿದ್ದ ತನ್ನ ಆಕಳನ್ನು ಬಿಚ್ಚಿ, ಗಂಡನನ್ನೂ ಕೇಳದೆ, ರಂಗವ್ವನ ಅಂಗಳಕ್ಕೆ ಹೊಡೆದುಕೊಂಡು ಹೋದಳು. ರಂಗವ್ವ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

"ಯಕ್ಕಾ, ಇದು ಇನ್ನ ನಿಂದು."

ರಂಗವ್ವ ಆಕಳನ್ನು ನೋಡಿದಳು, ಕರುವನ್ನು ನೋಡಿದಳು. ಸೋಮವ್ವನ ಕಡೆ ಮಾತ್ರ ನೋಡಲಿಲ್ಲ.

"ಅಲ್ಲೆ ಗೂಟಕ್ಕ ಕಟ್ಟು. ಕರಕ್ಕ ಹಾಲ ಬೇಕು, ಒಲ್ಲೆ ಅನ್ನೂದಿಲ್ಲ," ಎಂದಳು. "ಕಟ್ಟಿ ಹೋಗು. ಆದ್ರ ನಾ ಇರೂಮಟ ಮತ್ತ ಈ ಅಂಗಳಕ್ಕ ಬರಬ್ಯಾಡ."

ಸೋಮವ್ವ ಹಗ್ಗವನ್ನು ಗೂಟಕ್ಕೆ ಸುತ್ತಿ ಗಂಟು ಹಾಕಿದಳು. ಕರು ಆಗಲೇ ಕೆಚ್ಚಲಿಗೆ ಬಾಯಿ ಹಾಕಿತ್ತು. ಅವಳು ಹೊರಟಳು.